ನೋವಿಲ್ಲದ ಕೃತಕ ಕೀಲು, ಸುತ್ತ ಕರಗುತ್ತಿರುವ ಮೂಳೆ: ಮರುಶಸ್ತ್ರಚಿಕಿತ್ಸೆ ಈಗಲೇ ಬೇಕೆ?

ಪ್ರಶ್ನೆ: ನನಗೆ 67 ವರ್ಷ. 19 ವರ್ಷಗಳ ಹಿಂದೆ ಬಲಗಡೆಯ ಸೊಂಟದ ಕೀಲನ್ನು ಬದಲಿಸಿದರು. ಅಂದಿನಿಂದ ನೋವಿಲ್ಲದೆ ಓಡಾಡಿಕೊಂಡಿದ್ದೇನೆ, ದಿನವೂ ಒಂದು ಗಂಟೆ ನಡೆಯುತ್ತೇನೆ. ಈಚೆಗೆ ಬೆನ್ನುನೋವಿಗೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಕೃತಕ ಕೀಲಿನ ಬಟ್ಟಲಿನ ಮೇಲ್ಭಾಗದ ಮೂಳೆ ಕರಗಿರುವುದು ಕಂಡಿತು. ಒಬ್ಬ ವೈದ್ಯರು ಒಳಗಿನ ಪ್ಲಾಸ್ಟಿಕ್ ಸವೆದಿದೆ, ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದರು. ಇನ್ನೊಬ್ಬರು ನೋವಿಲ್ಲದ ಕೀಲನ್ನು ಮುಟ್ಟುವುದು ಬೇಡ ಎಂದರು. ಹತ್ತು ವರ್ಷಗಳಿಂದ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಿಲ್ಲ, ಆದರೂ ಮೂಳೆ ಹೇಗೆ ಕರಗಿತು? ನಾನು ಹೆಚ್ಚು ನಡೆದದ್ದೇ ತಪ್ಪಾಯಿತೆ? ದೇಹ ಲೋಹವನ್ನು ಒಪ್ಪುತ್ತಿಲ್ಲವೆ? ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 2.1 ಬಂದಿದೆ, ಎರಡೂ ಒಂದೇ ಕಾಯಿಲೆಯೆ? ಮಾತ್ರೆಯಲ್ಲೇ ಗುಣವಾಗುವ ದಾರಿ ಇದೆಯೆ?

ಉತ್ತರ: ನೀವು ಹಲವು ಪ್ರಶ್ನೆಗಳನ್ನು ಕೇಳಿದ್ದರೂ ಅವೆಲ್ಲದರ ಹಿಂದಿರುವ ಆತಂಕ ಒಂದೇ: ಇಷ್ಟು ವರ್ಷ ಯಾವ ತೊಂದರೆಯನ್ನೂ ಕೊಡದೆ ದುಡಿದ ಕೀಲನ್ನು ಎಕ್ಸ್‌ರೇಯಲ್ಲಿ ಕಂಡ ಒಂದು ಮಚ್ಚೆಯ ಸಲುವಾಗಿ ಮತ್ತೆ ಬಿಚ್ಚಿಸಬೇಕೆ, ಬಿಚ್ಚಿಸದಿದ್ದರೆ ಏನಾದೀತು ಎಂಬುದು. ಮೊದಲೇ ಹೇಳಿಬಿಡುತ್ತೇನೆ. ಇದು ನಾಳೆಯೇ ಆಸ್ಪತ್ರೆ ಸೇರಬೇಕಾದ ಸ್ಥಿತಿಯಲ್ಲ. ಹಾಗೆಂದು ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಮರೆತುಬಿಡಬಹುದಾದದ್ದೂ ಅಲ್ಲ. ಈ ತೊಂದರೆಯಲ್ಲಿ ನೋವು ಕಾಣಿಸಿಕೊಳ್ಳುವುದು ಬಹಳ ತಡವಾಗಿ, ಮತ್ತು ಅದು ಬರುವ ಹೊತ್ತಿಗೆ ಸುಲಭದ ಚಿಕಿತ್ಸೆಗಳು ಕೈಬಿಟ್ಟುಹೋಗಿರುತ್ತವೆ. ಆದ್ದರಿಂದ ಮೂಳೆ ಎಲ್ಲಿ ಕರಗಿದೆ, ಎಷ್ಟು ಕರಗಿದೆ, ಯಾವ ವೇಗದಲ್ಲಿ ಕರಗುತ್ತಿದೆ ಎಂಬ ಮೂರು ವಿಷಯಗಳನ್ನು ಗೊತ್ತುಮಾಡಿಕೊಂಡು ಅದರ ಮೇಲೆ ನಿರ್ಧರಿಸಬೇಕು. ನಿಮ್ಮ ಇಬ್ಬರು ವೈದ್ಯರ ಮಾತು ಒಂದಕ್ಕೊಂದು ವಿರುದ್ಧವೆಂದು ತೋರುವುದು ಈ ಮೂರರ ಉತ್ತರ ಇನ್ನೂ ಯಾರ ಕೈಯಲ್ಲೂ ಇಲ್ಲದ ಕಾರಣದಿಂದ.

ಮೊದಲು ಎರಡು ಬಗೆಯ ಮೂಳೆ ನಷ್ಟವನ್ನು ಬೇರೆ ಬೇರೆಯಾಗಿ ನೋಡೋಣ. ನಮ್ಮ ಮೂಳೆ ಜೀವಂತ ಅಂಗಾಂಶ; ಆಸ್ಟಿಯೊಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುತ್ತವೆ, ಆಸ್ಟಿಯೊಬ್ಲಾಸ್ಟ್‌ಗಳು ಅಲ್ಲಿ ಹೊಸದನ್ನು ಕಟ್ಟುತ್ತಿರುತ್ತವೆ, ಮತ್ತು ಹೀಗೆ ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗ ಪ್ರತಿ ವರ್ಷ ಹೊಸದಾಗುತ್ತದೆ. ಮುಟ್ಟು ನಿಂತ ನಂತರ ಈಸ್ಟ್ರೊಜೆನ್ ಕಡಿಮೆಯಾದಾಗ ಕರಗಿಸುವ ಕೆಲಸ ಕಟ್ಟುವ ಕೆಲಸವನ್ನು ಮೀರುತ್ತದೆ. ಇಡೀ ದೇಹದ ಮೂಳೆಗಳು ತೆಳುವಾಗುತ್ತವೆ. ಇದೇ ಆಸ್ಟಿಯೊಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನಿಗದಿಪಡಿಸಿದ ಅಳತೆಯಂತೆ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವ ವಯಸ್ಕರ ಸರಾಸರಿಗೆ ಹೋಲಿಸಿದ ಮೂಳೆ ಸಾಂದ್ರತೆಯ ಅಂಕಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಮೈನಸ್ 1ಕ್ಕೂ ಮೈನಸ್ 2.5ಕ್ಕೂ ನಡುವೆ ಇದ್ದರೆ ಅದರ ಹಿಂದಿನ ಹಂತವಾದ ಆಸ್ಟಿಯೊಪೀನಿಯಾ. ನಿಮ್ಮ ಮೈನಸ್ 2.1 ಈ ಎರಡನೆಯ ಗುಂಪಿಗೆ ಸೇರುತ್ತದೆ. ಬಟ್ಟಲಿನ ಮೇಲೆ ಕಂಡ ನಷ್ಟವಾದರೋ ಅದೊಂದೇ ಜಾಗದ್ದು. ಅದನ್ನು ಆಸ್ಟಿಯೋಲೈಸಿಸ್ ಎನ್ನುತ್ತೇವೆ. ಮೂಳೆ ಪೂರ್ತಿ ಗಟ್ಟಿಯಾಗಿರುವವರಲ್ಲೂ ಅದು ಆಗುತ್ತದೆ, ತೀರ ತೆಳುವಾದ ಮೂಳೆಯವರಲ್ಲಿ ಆಗದೆಯೂ ಇರಬಹುದು. ಎರಡರಲ್ಲೂ ಕರಗಿಸುವ ಜೀವಕೋಶ ಒಂದೇ ಆದರೂ ಅದನ್ನು ಎಬ್ಬಿಸುವ ಕಾರಣ ಬೇರೆ. ನಿಮ್ಮ ಕ್ಯಾಲ್ಸಿಯಂ ಮಾತ್ರೆ ಸೋತಿತು ಎನ್ನುವಂತಿಲ್ಲ. ಈ ಕೆಲಸ ಅದರ ಪಾಲಿಗೆ ಬಂದದ್ದೇ ಅಲ್ಲ.

ಹಾಗಾದರೆ ಕಾರಣವೇನು? ಕೃತಕ ಕೀಲಿನಲ್ಲಿ ತೊಡೆಮೂಳೆಯೊಳಗೆ ಕೂರಿಸಿದ ಕಾಂಡದ ತುದಿಯಲ್ಲಿ ಲೋಹದ ಅಥವಾ ಸೆರಾಮಿಕ್‌ನ ಗುಂಡು ಇರುತ್ತದೆ. ಸೊಂಟದ ಮೂಳೆಗೆ ಕೂರಿಸಿದ ಲೋಹದ ಬಟ್ಟಲಿನೊಳಗೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಒಳಪದರ ಇರುತ್ತದೆ, ಗುಂಡು ತಿರುಗುವುದು ಅದರಲ್ಲಿ. ಪ್ರತಿ ಹೆಜ್ಜೆಯಲ್ಲೂ ಆ ಪದರದಿಂದ ಕಣ್ಣಿಗೆ ಕಾಣದ ಕಣಗಳು ಲಕ್ಷಗಟ್ಟಲೆ ಉದುರುತ್ತವೆ; ಅವುಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕವು. ಪ್ರಯೋಗಾಲಯದಲ್ಲಿ ಕೀಲುಗಳನ್ನು ಯಂತ್ರಕ್ಕೆ ಹಾಕಿ ಪರೀಕ್ಷಿಸುವಾಗ ಹತ್ತು ಲಕ್ಷ ಹೆಜ್ಜೆಗಳನ್ನು ಸರಿಸುಮಾರು ಒಂದು ವರ್ಷದ ಬಳಕೆ ಎಂದು ಎಣಿಸುವುದು ವಾಡಿಕೆ. 19 ವರ್ಷಗಳ ಲೆಕ್ಕವನ್ನು ನೀವೇ ಊಹಿಸಿಕೊಳ್ಳಬಹುದು. ದೇಹದ ಕಾವಲು ಕೋಶಗಳಾದ ಮ್ಯಾಕ್ರೊಫೇಜ್‌ಗಳು ಈ ಕಣಗಳನ್ನು ಪರಕೀಯವೆಂದು ನುಂಗುತ್ತವೆ. ಬ್ಯಾಕ್ಟೀರಿಯಾವನ್ನು ಅವು ಜೀರ್ಣಿಸಿಕೊಳ್ಳಬಲ್ಲವು, ಪ್ಲಾಸ್ಟಿಕ್ಕನ್ನು ಜೀರ್ಣಿಸಲಾರವು. ಹೀಗೆ ಸೋತ ಕೋಶಗಳು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತವೆ. ಅದರ ಫಲವಾಗಿ ರ‍್ಯಾಂಕ್-ಎಲ್ ಎಂಬ ಪ್ರೊಟೀನ್ ಆ ಜಾಗದಲ್ಲಿ ಹೆಚ್ಚಾಗಿ, ಅದರ ಕರೆಗೆ ಆಸ್ಟಿಯೊಕ್ಲಾಸ್ಟ್‌ಗಳು ಹುಟ್ಟಿಕೊಂಡು ಪಕ್ಕದ ಮೂಳೆಯನ್ನು ಕರಗಿಸತೊಡಗುತ್ತವೆ. ಕೀಲಿನ ದ್ರವ ನಡಿಗೆಯ ಒತ್ತಡದಲ್ಲಿ ಈ ಕಣಗಳನ್ನು ಬಟ್ಟಲಿನ ಸ್ಕ್ರೂ ರಂಧ್ರಗಳ ಮೂಲಕ ಹಿಂಬದಿಯ ಮೂಳೆಗೆ ತಳ್ಳುತ್ತದೆ. ಬಟ್ಟಲಿನ ಮೇಲೆ, ಗುಂಡಿನಿಂದ ದೂರದಲ್ಲಿ, ಪೊಳ್ಳು ಏಳುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ವಿಷಯ ವೈದ್ಯಕೀಯಕ್ಕೆ ಅಷ್ಟು ಸುಲಭವಾಗಿ ತಿಳಿಯಲಿಲ್ಲ. ಆಧುನಿಕ ಸೊಂಟದ ಕೀಲು ಬದಲಾವಣೆಗೆ ತಳಹದಿ ಹಾಕಿದ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1950ರ ದಶಕದ ಕೊನೆಯಲ್ಲಿ ಟೆಫ್ಲಾನ್ ಬಟ್ಟಲುಗಳನ್ನು ಬಳಸಿದರು. ಅವು ಕೆಲವೇ ವರ್ಷಗಳಲ್ಲಿ ಸವೆದು, ಕಣಗಳ ಸುತ್ತ ಗಂಟುಗಂಟಾದ ಅಂಗಾಂಶ ಬೆಳೆದು, ಮೂಳೆಯನ್ನು ತಿಂದುಹಾಕಿದವು. ಚಾರ್ನ್‌ಲಿ ಟೆಫ್ಲಾನ್ ಮತ್ತು ಪಾಲಿಎಥಿಲೀನ್ ಪುಡಿಗಳನ್ನು ತಮ್ಮ ತೊಡೆಗೇ ಚುಚ್ಚಿಸಿಕೊಂಡು ನೋಡಿದರು; ಟೆಫ್ಲಾನ್ ಇದ್ದಲ್ಲಿ ಕೈಗೆ ಸಿಗುವಂಥ ಗಂಟು ಉಳಿಯಿತು, ಪಾಲಿಎಥಿಲೀನ್ ಇದ್ದಲ್ಲಿ ಉಳಿಯಲಿಲ್ಲ. 1962ರಿಂದ ಅವರು ಪಾಲಿಎಥಿಲೀನಿಗೆ ಬದಲಾದರು, ಅದರ ಸವೆತ ತೀರ ಕಡಿಮೆ. ಆದರೂ ಹತ್ತಿಪ್ಪತ್ತು ವರ್ಷಗಳಲ್ಲಿ ಹಲವು ರೋಗಿಗಳಲ್ಲಿ ಮತ್ತೆ ಮೂಳೆ ಕರಗಿದ್ದು ಕಂಡಾಗ ತಪ್ಪನ್ನು ಕೀಲನ್ನು ಅಂಟಿಸುವ ಸಿಮೆಂಟಿನ ಮೇಲೆ ಹೊರಿಸಿ, 1980ರ ದಶಕದಲ್ಲಿ ಅದನ್ನು ಸಿಮೆಂಟ್ ಕಾಯಿಲೆ ಎಂದೇ ಕರೆದರು. ಸಿಮೆಂಟಿಲ್ಲದ ಕೀಲುಗಳು ಬಂದವು. ಅವುಗಳ ಸುತ್ತಲೂ ಮೂಳೆ ಕರಗಿತು. ಸಿಮೆಂಟಿನ ಪುಡಿಯಾಗಲಿ ಪ್ಲಾಸ್ಟಿಕ್ಕಿನ ಪುಡಿಯಾಗಲಿ, ತೊಂದರೆ ಕೊಡುವುದು ಸೂಕ್ಷ್ಮ ಕಣಗಳು ಎಂಬುದು ಖಚಿತವಾದದ್ದು ಆಮೇಲೆ.

ಹಳೆಯ ಬಗೆಯ ಪಾಲಿಎಥಿಲೀನ್ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆಯುತ್ತದೆ. ಸವೆತ ವರ್ಷಕ್ಕೆ 0.05 ಮಿಲಿಮೀಟರಿಗಿಂತ ಕಡಿಮೆ ಇರುವವರಲ್ಲಿ ಆಸ್ಟಿಯೋಲೈಸಿಸ್ ಅಪರೂಪ. ಅದು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಅಣುಗಳನ್ನು ವಿಕಿರಣದಿಂದ ಒಂದಕ್ಕೊಂದು ಹೆಣೆದು ತಯಾರಿಸುವ ಕ್ರಾಸ್-ಲಿಂಕ್ಡ್ ಪಾಲಿಎಥಿಲೀನ್ 1990ರ ದಶಕದ ಕೊನೆಯಿಂದ ಬಳಕೆಗೆ ಬಂದು ಸವೆತವನ್ನು ಬಹಳಷ್ಟು ತಗ್ಗಿಸಿತು, ಆದರೆ ಎಲ್ಲ ಕಡೆಯೂ ಒಮ್ಮೆಗೇ ಬರಲಿಲ್ಲ. ನಿಮ್ಮ ಶಸ್ತ್ರಚಿಕಿತ್ಸೆ ನಡೆದ ಕಾಲದಲ್ಲಿ ಎರಡೂ ಬಗೆಗಳು ಬಳಕೆಯಲ್ಲಿದ್ದವು. ನಿಮ್ಮ ಕೀಲಿನಲ್ಲಿರುವುದು ಯಾವುದು ಎಂಬುದು ಈ ಇಡೀ ವಿಚಾರದಲ್ಲಿ ಬಹಳ ಮುಖ್ಯವಾದ ಮಾಹಿತಿ.

ಈಗ ನಡಿಗೆಯ ವಿಷಯ. ಹೆಜ್ಜೆ ಹೆಚ್ಚಾದಷ್ಟೂ ಸವೆತ ಹೆಚ್ಚುವುದು ನಿಜ. ಆದರೆ ಒಳಪದರ ಯಾವ ಬಗೆಯದು, ಎಷ್ಟು ದಪ್ಪವಿತ್ತು, ಬಟ್ಟಲನ್ನು ಯಾವ ಕೋನದಲ್ಲಿ ಕೂರಿಸಿದ್ದರು, ಪ್ಲಾಸ್ಟಿಕ್ಕನ್ನು ಯಾವ ವಿಧಾನದಲ್ಲಿ ಕ್ರಿಮಿಶುದ್ಧಿ ಮಾಡಿದ್ದರು ಎಂಬ, ನಿಮ್ಮ ಕೈಯಲ್ಲಿಲ್ಲದ ಸಂಗತಿಗಳ ಪಾತ್ರವೂ ತುಂಬ ದೊಡ್ಡದು. ಇದೇ ವಯಸ್ಸಿನ, ಇಷ್ಟೇ ನಡೆದ ಇನ್ನೊಬ್ಬರ ಕೀಲು ಏನೂ ಆಗದೆ ಉಳಿದಿರುವುದನ್ನು ನಾನು ಚಿಕಿತ್ಸಾಲಯದಲ್ಲಿ ಆಗಾಗ ನೋಡುತ್ತೇನೆ. ನೀವು ನಡೆಯದೆ ಕೂತಿದ್ದರೆ ಉಳಿದ ಮೂಳೆಗಳು ತೆಳುವಾಗುತ್ತಿದ್ದವು, ತೊಡೆಯ ಸ್ನಾಯುಗಳು ಸೊರಗುತ್ತಿದ್ದವು, ಬೀಳುವ ಅಪಾಯ ಹೆಚ್ಚುತ್ತಿತ್ತು. ಕೀಲನ್ನು ಬದಲಿಸಿದ್ದೇ ನೀವು ನಡೆಯಲಿ ಎಂದು. ಅದರ ಬಗ್ಗೆ ದಯವಿಟ್ಟು ಪಶ್ಚಾತ್ತಾಪ ಪಡಬೇಡಿ.

ದೇಹ ಲೋಹವನ್ನು ಒಪ್ಪುತ್ತಿಲ್ಲವೆ ಎಂಬ ಅನುಮಾನಕ್ಕೂ ಒಂದು ಹಿನ್ನೆಲೆ ಇದೆ. ಲೋಹದ ಗುಂಡು ನೇರವಾಗಿ ಲೋಹದ ಬಟ್ಟಲಿಗೇ ಉಜ್ಜುವ ಕೀಲುಗಳು ಕೆಲವು ವರ್ಷ ಬಹಳ ಬಳಕೆಯಲ್ಲಿದ್ದವು. ಅವುಗಳಿಂದ ಕೋಬಾಲ್ಟ್ ಮತ್ತು ಕ್ರೋಮಿಯಂ ಬಿಡುಗಡೆಯಾಗಿ ಸ್ನಾಯು, ಮೂಳೆ ಎರಡಕ್ಕೂ ಹಾನಿಯಾದ ಪ್ರಕರಣಗಳು ಹೆಚ್ಚಿ, 2010ರಲ್ಲಿ ಅಂಥ ಒಂದು ಪ್ರಮುಖ ಮಾದರಿಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ನಿಮ್ಮ ಕೀಲಿನಲ್ಲಿ ಪ್ಲಾಸ್ಟಿಕ್ ಒಳಪದರ ಇದೆ ಎಂದು ವೈದ್ಯರೇ ಹೇಳಿರುವುದರಿಂದ ಅದು ಆ ಬಗೆಯದಲ್ಲ. ಆದರೂ ಗುಂಡು ಮತ್ತು ಕಾಂಡ ಸೇರುವ ಜಾಗದಲ್ಲಿ ಲೋಹ ತುಕ್ಕು ಹಿಡಿಯುವ ಸಾಧ್ಯತೆ ಇರುತ್ತದೆ. ಗುಂಡು ಲೋಹದ್ದಾಗಿದ್ದರೆ ರಕ್ತದಲ್ಲಿ ಕೋಬಾಲ್ಟ್ ಮಟ್ಟ ನೋಡಿಸುವುದು ಒಳ್ಳೆಯದು.

ಇನ್ನೊಂದು ಕಾರಣವನ್ನು ಮಾತ್ರ ಎಂದೂ ಅಲಕ್ಷಿಸುವಂತಿಲ್ಲ: ಸೋಂಕು. ಜ್ವರವಿಲ್ಲದೆ, ಕೆಂಪಾಗದೆ, ವರ್ಷಗಟ್ಟಲೆ ನಿಧಾನವಾಗಿ ಇರುವ ಸೋಂಕೂ ಕೃತಕ ಕೀಲಿನ ಸುತ್ತ ಮೂಳೆಯನ್ನು ಕರಗಿಸಬಲ್ಲದು, ಮತ್ತು ಎಕ್ಸ್‌ರೇ ನೋಡಿದ ಮಾತ್ರಕ್ಕೆ ಎರಡನ್ನೂ ಬೇರ್ಪಡಿಸಲಾಗದು. ಚಿಕಿತ್ಸೆಯಾದರೋ ಸಂಪೂರ್ಣ ಬೇರೆ. ಆದ್ದರಿಂದ ಮರುಶಸ್ತ್ರಚಿಕಿತ್ಸೆಗೆ ಮೊದಲು ದೇಹದಲ್ಲಿ ಉರಿಯೂತ ಇದೆಯೆ ಎಂದು ತೋರಿಸುವ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ರಕ್ತಪರೀಕ್ಷೆಗಳನ್ನೂ, ಅವುಗಳಲ್ಲಿ ಏರಿಕೆ ಇದ್ದರೆ ಅಥವಾ ಬೇರೆ ಅನುಮಾನವಿದ್ದರೆ ಕೀಲಿನಿಂದ ಸೂಜಿಯಲ್ಲಿ ದ್ರವ ತೆಗೆದು ಮಾಡುವ ಪರೀಕ್ಷೆಯನ್ನೂ ಮಾಡಿಸಲೇಬೇಕು. ಭಾರ ಕಾಂಡದ ಮೂಲಕ ಕೆಳಗೆ ಇಳಿಯುವುದರಿಂದ ತೊಡೆಮೂಳೆಯ ಮೇಲ್ತುದಿ ಕೆಲಸವಿಲ್ಲದೆ ತೆಳುವಾಗುವುದೂ ಉಂಟು. ಅದು ಸಾಮಾನ್ಯವಾಗಿ ನಿರಪಾಯಕಾರಿ, ಮತ್ತು ಬಟ್ಟಲಿನ ಮೇಲಿನ ಪೊಳ್ಳಿಗೆ ಅದು ಕಾರಣವಲ್ಲ.

ನಿಮ್ಮ ಎಕ್ಸ್‌ರೇಯನ್ನು ನೀವೇ ಬೆಳಕಿಗೆ ಹಿಡಿದು ನೋಡಬಹುದು. ಬೆಳ್ಳಗೆ ಹೊಳೆಯುವ ಬಟ್ಟಲಿನ ಅರ್ಧಚಂದ್ರದೊಳಗೆ ಗುಂಡು ಕೂತಿರುತ್ತದೆ, ಎರಡರ ನಡುವೆ ಕಪ್ಪಗೆ ಕಾಣುವ ಅಂತರವೇ ಪ್ಲಾಸ್ಟಿಕ್. ಸಾಮಾನ್ಯ ವಿನ್ಯಾಸದ ಹೊಸ ಕೀಲಿನಲ್ಲಿ ಆ ಅಂತರ ಸುತ್ತಲೂ ಒಂದೇ ಸಮನಾಗಿರುತ್ತದೆ. ಸವೆದ ಕೀಲಿನಲ್ಲಿ ಗುಂಡು ಮೇಲಕ್ಕೆ ಸರಿದು, ಮೇಲಿನ ಅಂತರ ಕಿರಿದಾಗಿ ಕೆಳಗಿನದು ಅಗಲವಾಗಿರುತ್ತದೆ. ಹಳೆಯ ಎಕ್ಸ್‌ರೇಯ ಪಕ್ಕದಲ್ಲಿಟ್ಟರೆ ಆ ವ್ಯತ್ಯಾಸದಿಂದಲೇ ವರ್ಷಕ್ಕೆ ಎಷ್ಟು ಸವೆದಿದೆ ಎಂದು ಅಳೆಯುತ್ತೇವೆ. ಮೂಳೆಯ ನಷ್ಟವನ್ನು ಮಾತ್ರ ಎಕ್ಸ್‌ರೇ ಯಾವಾಗಲೂ ಕಡಿಮೆಯಾಗಿಯೇ ತೋರಿಸುತ್ತದೆ. ಸುಮಾರು ಮೂರನೆಯ ಒಂದು ಭಾಗದಷ್ಟು ಮೂಳೆ ಹೋಗುವವರೆಗೆ ಅದರಲ್ಲಿ ಏನೂ ಕಾಣದೇ ಇರಬಹುದು, ಲೋಹದ ಬಟ್ಟಲಿನ ಹಿಂದೆ ಅಡಗಿದ ಪೊಳ್ಳಂತೂ ಕಾಣುವುದೇ ಇಲ್ಲ. ಹೀಗಾಗಿ ಲೋಹದ ಅಡ್ಡಿಯನ್ನು ತಗ್ಗಿಸುವ ವಿಧಾನದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸದೆ ಈ ವಿಷಯದಲ್ಲಿ ನಿರ್ಧಾರ ತೆಗೆದುಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ನೋವು ಏಕಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನೋವು ಬರುವುದು ಬಟ್ಟಲು ಸಡಿಲವಾದಾಗ, ಮೂಳೆ ಮುರಿದಾಗ, ಇಲ್ಲವೇ ಕೀಲಿನ ಒಳಪೊರೆ ಊದಿಕೊಂಡಾಗ. ಬಟ್ಟಲು ಉಳಿದ ಮೂಳೆಗೆ ಗಟ್ಟಿಯಾಗಿ ಬೆಸೆದುಕೊಂಡಿರುವ ತನಕ ಅದರ ಹಿಂದಿನ ಪೊಳ್ಳು ಸುಮ್ಮನೆ ಬೆಳೆಯುತ್ತದೆ. ಇಂಥ ಕೀಲನ್ನು ತೆರೆದಾಗ ಕಾಣುವುದು ಹೀಗೆ: ಹೊರತೆಗೆದ ಒಳಪದರ ಒಂದು ಬದಿಯಲ್ಲಿ ಬೆರಳಿಗೆ ತೆಳ್ಳಗೆ ಸಿಗುತ್ತದೆ, ಮೇಲ್ಮೈ ಮಾತ್ರ ಕನ್ನಡಿಯಂತೆ ನುಣುಪು, ಸ್ಕ್ರೂ ರಂಧ್ರದ ಹಿಂದೆ, ಮೂಳೆ ಇರಬೇಕಾದ ಜಾಗದಲ್ಲಿ, ಹಳದಿ ಬಣ್ಣದ ಮೆತ್ತನೆಯ ಅಂಗಾಂಶ ತುಂಬಿಕೊಂಡಿರುತ್ತದೆ, ಬಟ್ಟಲನ್ನು ಹಿಡಿದು ಅಲುಗಿಸಿದರೂ ಅದು ಅಲುಗುವುದಿಲ್ಲ. ಈ ಹಂತದಲ್ಲಿ ಬಂದವರಿಗೆ ಮಾಡಬಹುದಾದದ್ದು ಬಹಳ ಇದೆ. ಬಟ್ಟಲು ಸಡಿಲವಾಗಿ, ಸೊಂಟದ ಮೂಳೆಯ ಗೋಡೆಯೇ ಕುಸಿದ ಮೇಲೆ ಬಂದವರಿಗೆ ಮಾಡುವ ಶಸ್ತ್ರಚಿಕಿತ್ಸೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ನಿಮ್ಮ ಮುಂದಿರುವ ದಾರಿಗಳನ್ನು ಈ ಹಿನ್ನೆಲೆಯಲ್ಲಿ ನೋಡಿ. ಸಿ.ಟಿ.ಯಲ್ಲಿ ಪೊಳ್ಳು ಚಿಕ್ಕದಿದ್ದು, ಬಟ್ಟಲಿಗೆ ಆಧಾರವಾದ ಮೂಳೆ ಸಾಕಷ್ಟು ಉಳಿದಿದ್ದು, ಪ್ಲಾಸ್ಟಿಕ್ ಇನ್ನೂ ದಪ್ಪಗಿದ್ದರೆ ಕಾದು ನೋಡುವುದು ನ್ಯಾಯವಾದ ಆಯ್ಕೆ. ಆದರೆ ಕಾಯುವುದೆಂದರೆ ಆರು ತಿಂಗಳ ನಂತರ, ಆಮೇಲೆ ವರ್ಷಕ್ಕೊಮ್ಮೆ, ಅದೇ ಭಂಗಿಯಲ್ಲಿ ಎಕ್ಸ್‌ರೇ ತೆಗೆಸಿ ಹಿಂದಿನದರೊಂದಿಗೆ ಹೋಲಿಸುವುದು ಎಂದರ್ಥ. ಈ ಕ್ರಮ ತಪ್ಪುವುದೇ ಈ ದಾರಿಯ ದೊಡ್ಡ ಅಪಾಯ. ನಿಮ್ಮ ಎರಡನೆಯ ವೈದ್ಯರ ಮಾತನ್ನು ನೀವು ಹೀಗೆ ಅರ್ಥ ಮಾಡಿಕೊಂಡರೆ ಅದರಲ್ಲಿ ತಪ್ಪಿಲ್ಲ.

ಪೊಳ್ಳು ದೊಡ್ಡದಿದ್ದರೆ ಅಥವಾ ಬೆಳೆಯುತ್ತಿದ್ದರೆ, ಬಟ್ಟಲು ಗಟ್ಟಿಯಾಗಿದ್ದು ಸರಿಯಾದ ಕೋನದಲ್ಲಿದ್ದರೆ, ಬಟ್ಟಲನ್ನೂ ಕಾಂಡವನ್ನೂ ಹಾಗೆಯೇ ಉಳಿಸಿಕೊಂಡು ಒಳಪದರವನ್ನೂ ಗುಂಡನ್ನೂ ಮಾತ್ರ ಬದಲಿಸಿ, ಪೊಳ್ಳನ್ನು ಕೆರೆದು ತೆಗೆದು ಮೂಳೆಯ ಚೂರುಗಳಿಂದ ತುಂಬಬಹುದು. ಕಣಗಳ ಮೂಲವೇ ನಿಂತುಹೋಗುವುದರಿಂದ ಹೆಚ್ಚಿನವರಲ್ಲಿ ಮೂಳೆಯ ಕರಗುವಿಕೆ ನಿಲ್ಲುತ್ತದೆ. ಚೇತರಿಕೆ ಬೇಗ, ರಕ್ತಸ್ರಾವ ಕಡಿಮೆ. ಆದರೆ ಈ ಶಸ್ತ್ರಚಿಕಿತ್ಸೆ ಚಿಕ್ಕದೆಂದು ಹಗುರವಾಗಿ ತೆಗೆದುಕೊಳ್ಳಬಾರದು. ಗುಂಡು ಬಟ್ಟಲಿನಿಂದ ಜಾರಿ ಕೀಲು ತಪ್ಪುವ ಅಪಾಯ ಇದರಲ್ಲಿ ಮೊದಲ ಸಲಕ್ಕಿಂತ ಹೆಚ್ಚು. ಅದನ್ನು ತಗ್ಗಿಸಲು ಸಾಧ್ಯವಾದಲ್ಲಿ ದೊಡ್ಡ ಗುಂಡನ್ನು ಹಾಕುತ್ತೇವೆ. ಹಳೆಯ ಮಾದರಿಗೆ ಹೊಂದುವ ಒಳಪದರ ತಯಾರಿಕೆಯಲ್ಲೇ ಇಲ್ಲದಿರಬಹುದು, ಆಗ ಹೊಸ ಪದರವನ್ನು ಹಳೆಯ ಬಟ್ಟಲಿಗೆ ಸಿಮೆಂಟಿನಿಂದ ಕೂರಿಸಬೇಕಾಗುತ್ತದೆ. ಸೋಂಕಿನ ಅಪಾಯವಂತೂ ಯಾವ ಮರುಶಸ್ತ್ರಚಿಕಿತ್ಸೆಯಲ್ಲೂ ಮೊದಲ ಸಲಕ್ಕಿಂತ ಜಾಸ್ತಿಯೇ.

ಬಟ್ಟಲು ಸಡಿಲವಾಗಿದ್ದರೆ ಅದನ್ನೇ ತೆಗೆದು, ಕಳೆದುಹೋದ ಮೂಳೆಯ ಜಾಗಕ್ಕೆ ದಾನಿ ಮೂಳೆಯನ್ನೋ ರಂಧ್ರಮಯ ಲೋಹದ ತುಂಡುಗಳನ್ನೋ ಜೋಡಿಸಿ ಹೊಸ ಬಟ್ಟಲನ್ನು ಕೂರಿಸಬೇಕು. ಇದು ದೀರ್ಘವಾದ ಶಸ್ತ್ರಚಿಕಿತ್ಸೆ. ರಕ್ತ ಕೊಡಬೇಕಾಗಬಹುದು, ಮೂಳೆ ಮುರಿಯಬಹುದು, ತಿಂಗಳುಗಟ್ಟಲೆ ಊರುಗೋಲು ಬೇಕಾಗಬಹುದು. ಇದನ್ನು ಮರುಶಸ್ತ್ರಚಿಕಿತ್ಸೆಯಲ್ಲೇ ಪಳಗಿದ ತಂಡದ ಬಳಿ ಮಾತ್ರ ಮಾಡಿಸಬೇಕು.

ಮಾತ್ರೆಯಿಂದ ಗುಣವಾಗುವುದೆ ಎಂದು ಕೇಳಿದ್ದೀರಿ. ಕಣಗಳಿಂದ ಉಂಟಾದ ಪೊಳ್ಳನ್ನು ಮತ್ತೆ ತುಂಬುತ್ತದೆ ಎಂದು ಸಾಬೀತಾಗಿ ಚಿಕಿತ್ಸೆಯಾಗಿ ನೆಲೆಗೊಂಡ ಔಷಧ ಇಂದಿಗೂ ಇಲ್ಲ. ಆಸ್ಟಿಯೊಕ್ಲಾಸ್ಟ್‌ಗಳನ್ನು ತಡೆಯುವ ಬಿಸ್‌ಫಾಸ್ಫೊನೇಟ್‌ಗಳು, ರ‍್ಯಾಂಕ್-ಎಲ್ ಪ್ರೊಟೀನನ್ನೇ ಕಟ್ಟಿಹಾಕುವ ಡೆನೊಸುಮಾಬ್ ಚುಚ್ಚುಮದ್ದು ಇವುಗಳ ಮೇಲೆ ಸಂಶೋಧನೆ ನಡೆದಿದೆ, ಆದರೆ ಕಣಗಳು ಉದುರುತ್ತಲೇ ಇರುವಾಗ ಇವನ್ನು ನಂಬಿ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಆಸ್ಟಿಯೊಪೀನಿಯಾದ ಲೆಕ್ಕ ಬೇರೆ. ಅದನ್ನು ಅದರ ಪಾಡಿಗೆ ಸರಿಯಾಗಿ ನೋಡಿಕೊಳ್ಳಬೇಕು. ವಿಟಮಿನ್ ಡಿ ಮಟ್ಟ, ಥೈರಾಯ್ಡ್, ಪ್ಯಾರಾಥೈರಾಯ್ಡ್ ಹಾರ್ಮೋನ್, ಮೂತ್ರಪಿಂಡದ ಕೆಲಸ ಇವನ್ನು ಪರೀಕ್ಷಿಸಿಕೊಳ್ಳಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಡೆಕ್ಸಾ ಅಳತೆಯನ್ನು ಬದಲಿಸದ ಎಡ ಸೊಂಟದಲ್ಲೂ ಮಾಡಿಸಿ, ಏಕೆಂದರೆ ವಯಸ್ಸಾದವರ ಬೆನ್ನುಮೂಳೆಯಲ್ಲಿ ಬೆಳೆದ ಮುಳ್ಳುಗಳು ಅಲ್ಲಿನ ಅಂಕಿಯನ್ನು ನಿಜಕ್ಕಿಂತ ಚೆನ್ನಾಗಿ ತೋರಿಸಿಬಿಡುತ್ತವೆ. ನಿಮ್ಮ ನಿಜವಾದ ಅಂಕಿ ಮೈನಸ್ 2.1ಕ್ಕಿಂತ ಕೆಳಗಿರಲೂಬಹುದು. ಆಸ್ಟಿಯೊಪೀನಿಯಾಕ್ಕೆ ಮೇಲೆ ಹೇಳಿದ ಬಿಸ್‌ಫಾಸ್ಫೊನೇಟ್ ಅಥವಾ ಡೆನೊಸುಮಾಬ್ ಬೇಕೆಂದಾದರೆ ಹಲ್ಲಿನ ದೊಡ್ಡ ಚಿಕಿತ್ಸೆಗಳನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಎರಡೂ ಔಷಧಗಳಿಂದ ಅಪರೂಪಕ್ಕೆ ದವಡೆಯ ಮೂಳೆ ಹಾಳಾಗುತ್ತದೆ. ಡೆನೊಸುಮಾಬನ್ನು ಆರಂಭಿಸಿದರೆ ಆರು ತಿಂಗಳಿಗೊಮ್ಮೆ ತಪ್ಪದೆ ತೆಗೆದುಕೊಳ್ಳಬೇಕು. ನಡುವೆ ನಿಲ್ಲಿಸಿಬಿಟ್ಟರೆ ಮೂಳೆ ವೇಗವಾಗಿ ತೆಳುವಾಗಿ ಬೆನ್ನಿನ ಹಲವು ಮೂಳೆಗಳು ಒಟ್ಟಿಗೇ ಮುರಿಯುವ ಅಪಾಯವಿದೆ.

ನಿಮ್ಮ ಕೀಲು ಬೇಗ ಕೆಟ್ಟಿತೆಂದು ಕೊರಗಬೇಡಿ. ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯ ಪ್ರಕಾರ 25 ವರ್ಷ ಬಾಳುವ ಸೊಂಟದ ಕೀಲುಗಳು ಶೇ. 58ರಷ್ಟು. ಹತ್ತೊಂಬತ್ತನೆಯ ವರ್ಷದಲ್ಲಿ ಸವೆತ ಕಾಣುವುದು ಅಸಹಜವಲ್ಲ.

ಎಕ್ಸ್‌ರೇಯನ್ನು ನಾನು ನೋಡಿಲ್ಲ, ಆದರೂ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಮೊದಲ ವೈದ್ಯರು ಪ್ಲಾಸ್ಟಿಕ್ ಸವೆದಿದೆ ಎಂದು ಹೇಳಿದ್ದಾರೆ, ಪೊಳ್ಳು ಸಾಮಾನ್ಯ ಎಕ್ಸ್‌ರೇಯಲ್ಲೇ ಎದ್ದು ಕಂಡಿದೆ, ನಿಮ್ಮ ಆರೋಗ್ಯ ಈಗ ಚೆನ್ನಾಗಿದೆ. ಸಿ.ಟಿ. ಇದನ್ನೇ ದೃಢಪಡಿಸಿದರೆ, ಸೋಂಕಿಲ್ಲವೆಂದು ಖಚಿತವಾದರೆ, ಬಟ್ಟಲು ಗಟ್ಟಿ ಇರುವಾಗಲೇ ಕೆಲವು ತಿಂಗಳೊಳಗೆ ಒಳಪದರವನ್ನು ಬದಲಿಸಿಕೊಳ್ಳುವ ಕಡೆಗೆ ನಾನು ವಾಲುತ್ತೇನೆ. ಅಲ್ಲಿಯವರೆಗೆ ಸಮತಟ್ಟಾದ ನೆಲದಲ್ಲಿ ನಡೆಯಿರಿ. ಓಟ, ಜಿಗಿತ, ಭಾರ ಹೊತ್ತು ಮೆಟ್ಟಿಲು ಹತ್ತುವುದು ಬೇಡ. ತೊಡೆಸಂದಿಯಲ್ಲಿ ಹೊಸ ನೋವು, ಕಾಲೂರಿದಾಗ ಕೀಲಿನಿಂದ ಕಿರ್ ಎಂಬ ಸದ್ದು, ಕಾಲು ಗಿಡ್ಡವಾದಂತೆ ಅನ್ನಿಸುವುದು, ಎಡವಿದ ಮೇಲೆ ತೊಡೆಯ ಹೊರಬದಿಯಲ್ಲಿ ನೋವು, ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಿ. ಹೋಗುವಾಗ ಹಳೆಯ ಎಕ್ಸ್‌ರೇಗಳೆಲ್ಲವನ್ನೂ ಒಯ್ಯಿರಿ. ಮೊದಲ ಶಸ್ತ್ರಚಿಕಿತ್ಸೆಯ ದಾಖಲೆಯಲ್ಲಿ ಕೀಲಿನ ಭಾಗಗಳ ಮಾದರಿ, ಅಳತೆ, ಸಂಖ್ಯೆಗಳನ್ನು ಮುದ್ರಿಸಿದ ಸ್ಟಿಕ್ಕರ್‌ಗಳನ್ನು ಸಾಮಾನ್ಯವಾಗಿ ಅಂಟಿಸಿರುತ್ತಾರೆ. ಆ ಹಾಳೆ ನಿಮ್ಮಲ್ಲಿ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಬರೆದು ಅದರ ಪ್ರತಿಯನ್ನು ಈಗಲೇ ತರಿಸಿಕೊಳ್ಳಿ, ಏಕೆಂದರೆ ಒಳಪದರ ಯಾವ ಬಗೆಯದು, ಅದಕ್ಕೆ ಹೊಂದುವ ಹೊಸ ಭಾಗ ಸಿಗುತ್ತದೆಯೆ ಎಂಬುದು ಅದರಿಂದಲೇ ತಿಳಿಯಬೇಕು.